ಹೆಸರು ಬದಲಿಸಿದರೆ ನಿವೇಶನದ ಬೆಲೆ ಏರುವುದೇ?

ಕಲಬುರಗಿಯಿಂದ ಸೇಡಂ ರಸ್ತೆ ಹಿಡಿದು ಹೊರಟವರಿಗೆ ಎರಡೂ ಬದಿಯಲ್ಲಿ ನಿವೇಶನ ಮಾರಾಟದ ಫಲಕಗಳು ಎದುರಾಗುತ್ತವೆ. 2019ರ ನವೆಂಬರ್ 22ರಂದು ಶ್ರೀನಿವಾಸ ಸರಡಗಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಬಳಿಕವಂತೂ ತೊಗರಿ ಬೆಳೆಯುತ್ತಿದ್ದ ಹೊಲಗಳಿಗೆ ‘ಸಿಟಿ’, ‘ವ್ಯಾಲಿ’, ‘ಎನ್‌ಕ್ಲೇವ್’ ಎಂಬ ಬಾಲಂಗೋಚಿಗಳು ಅಂಟಿಕೊಂಡಿವೆ. ಪಹಣಿಯಲ್ಲಿ ಮಾತ್ರ ಅದೇ ಗ್ರಾಮದ ಹೆಸರು, ಅದೇ ಸರ್ವೆ ನಂಬರು. ಹೊಸ ಬಡಾವಣೆಗೆ ಮಾಲೀಕರು ತಮಗೆ ಬೇಕಾದ ಹೆಸರಿಟ್ಟುಕೊಂಡರೆ ಯಾರಿಗೂ ನಷ್ಟವಿಲ್ಲ. ಆದರೆ ಜನವಸತಿಯಿರುವ ಹಳೆಯ ಓಣಿ, ಗಂಜ್, ಊರುಗಳ ಹೆಸರನ್ನೇ ಬದಲಿಸಿದರೆ ಹೊಸಬರು ಬಂದು ನೆಲೆಸುತ್ತಾರೆ, ಆಸ್ತಿಯ ಮೌಲ್ಯ ಏರುತ್ತದೆ ಎಂಬ ವಾದವನ್ನು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ವ್ಯಾಪಾರಸ್ಥರು ಒಪ್ಪುವ ಮೊದಲು ಲೆಕ್ಕ ಹಾಕಿ ನೋಡುವುದು ಅಗತ್ಯ.

ಈ ವಾದ ಸರ್ಕಾರದ ಮಟ್ಟಕ್ಕೇರಿದ ಉದಾಹರಣೆ ರಾಜ್ಯದಲ್ಲೇ ಇದೆ. 2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಡುವ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜುಲೈನಲ್ಲಿ ಒಪ್ಪಿಗೆ ನೀಡಿತು. 2025ರ ಮೇ ತಿಂಗಳಲ್ಲಿ ಅದು ಜಾರಿಗೆ ಬಂದಿತು. ಜಿಲ್ಲಾ ಕೇಂದ್ರ ರಾಮನಗರದಲ್ಲೇ ಉಳಿಯಿತು. ಬೆಂಗಳೂರಿನ ಹೆಸರಿಗೆ ಜಗತ್ತಿನಾದ್ಯಂತ ಮನ್ನಣೆಯಿದೆ, ಆ ಹೆಸರು ಸೇರಿದರೆ ಬಂಡವಾಳ ಬರುತ್ತದೆ, ರೈತರ ಭೂಮಿಗೆ ಬೆಲೆ ಬರುತ್ತದೆ ಎಂಬುದು ಸಮರ್ಥಕರ ಮುಖ್ಯ ವಾದವಾಗಿತ್ತು. ರೇಷ್ಮೆಗೂಡಿನ ಮಾರುಕಟ್ಟೆಯಿಂದ ಹೆಸರಾದ ಊರು ತನ್ನ ಹೆಸರನ್ನು ಬಿಡಬೇಕೇ ಎಂಬುದು ವಿರೋಧಿಗಳ ಪ್ರಶ್ನೆ.

ಆ ಭಾಗದ ಭೂಮಿಗೆ ಬೆಲೆ ಬಂದಿರುವುದು ನಿಜ. ಅದರೆ ಅದು ಹೆಸರು ಬದಲಾಗುವ ಬಹಳ ಮೊದಲೇ ಆರಂಭವಾಯಿತು. ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ 1999ರ ಕೊನೆಗೆ ಉತ್ಪಾದನೆ ಆರಂಭಿಸಿತು. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಕಾರ್ಖಾನೆಗೆ ಬಿಡಿಭಾಗ ಪೂರೈಸುವವರು, ಅವರ ಕಾರ್ಮಿಕರು, ಆ ಕಾರ್ಮಿಕರಿಗೆ ಕಿರಾಣಿ ಮಾರುವವರು ಬಂದ ಮೇಲೆ ಭೂಮಿ ತುಟ್ಟಿಯಾಯಿತು. ಇನ್ನು ಮುಂದಿನ ಏರಿಕೆಯಲ್ಲಿ ಹೆಸರಿನ ಪಾಲೆಷ್ಟು, ರಸ್ತೆಯ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಎರಡರ ಕೀರ್ತಿಯನ್ನೂ ಹೆಸರಿನ ಖಾತೆಗೆ ಜಮಾ ಮಾಡುವುದು ಮಾತ್ರ ಬಲು ಸುಲಭ.

ರಾಮನಗರದ ಚರಿತ್ರೆಯಲ್ಲಿಯೇ ಒಂದು ಸ್ವಾರಸ್ಯವಿದೆ. ಬ್ರಿಟಿಷ್ ಅಧಿಕಾರಿ ಬ್ಯಾರಿ ಕ್ಲೋಸ್‌ನ ಹೆಸರಿನಿಂದ ಆ ಊರಿಗೆ ಒಂದು ಕಾಲದಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಊರು ಆ ಹೆಸರನ್ನು ಬಿಟ್ಟು ದಶಕಗಳಾದರೂ ಅಲ್ಲಿಯ ಬಂಡೆಯನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಕರೆಯುತ್ತಾರೆ. ಕಲ್ಲಿಗೆ ಅಂಟಿದ ಹೆಸರು ಸರ್ಕಾರಿ ಆದೇಶದಿಂದ ಅಳಿಸಿಹೋಗುವುದಿಲ್ಲ.

ಇದು ಶಹಾಬಾದಿನವರಿಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ. ಭೀಮಾ ಕಣಿವೆಯ ಸುಣ್ಣದ ಕಲ್ಲಿನ ಪದರಗಳಿಗೆ ಭೂವಿಜ್ಞಾನದ ಗ್ರಂಥಗಳಲ್ಲಿ ಶಹಾಬಾದದ ಹೆಸರೇ ಇದೆ. ಮಹಾರಾಷ್ಟ್ರದ ಗೃಹಸ್ಥನೊಬ್ಬ ಅಂಗಳಕ್ಕೆ ಹಾಸಲು ‘ಶಹಾಬಾದಿ ಫರಸಿ’ ಬೇಕೆಂದು ಕೇಳುವಾಗ ಶಹಾಬಾದ ಎಂಬುದು ಒಂದು ಊರೆಂಬುದು ಅವನಿಗೆ ಗೊತ್ತಿರಬೇಕೆಂದೇನಿಲ್ಲ. ಚಿತ್ತಾಪುರ, ವಾಡಿ ಸುತ್ತಲಿನ ಗಣಿಗಳ ಪರಸಿ ಕಲ್ಲೂ ಇದೇ ಹೆಸರಿನಲ್ಲಿ ಮಾರಾಟವಾಗುತ್ತದೆ. ಯಾವ ಜಾಹೀರಾತು ಸಂಸ್ಥೆಯೂ ಇಲ್ಲದೆ, ಕಲ್ಲು ಒಡೆಯುವವರು, ಪಾಲಿಷ್ ಘಟಕಗಳವರು, ಲಾರಿ ಮಾಲೀಕರು ಮೂರ್ನಾಲ್ಕು ತಲೆಮಾರು ದುಡಿದು ಗಳಿಸಿಕೊಟ್ಟ ಹೆಸರಿದು. ವಿಟ್ರಿಫೈಡ್ ಟೈಲ್ಸ್‌ನ ಹೊಡೆತಕ್ಕೆ ಸಿಕ್ಕಿರುವ ಈ ಉದ್ಯಮಕ್ಕೆ ಉಳಿದಿರುವ ದೊಡ್ಡ ಆಸ್ತಿಗಳಲ್ಲಿ ಈ ಹೆಸರೂ ಒಂದು. ವಾಡಿಯ ಮಾತೂ ಬೇರೆಯಲ್ಲ. ಮರಾಠಿಯಲ್ಲಿ ಸಣ್ಣ ಹಳ್ಳಿ ಎಂಬಷ್ಟೇ ಅರ್ಥದ ಈ ಪದ ಮುಂಬೈ-ಚೆನ್ನೈ ಮಾರ್ಗದಿಂದ ಸಿಕಂದರಾಬಾದಿನತ್ತ ಕವಲೊಡೆಯುವ ಜಂಕ್ಷನ್ ಆಗಿ, ಸಿಮೆಂಟಿನ ಊರಾಗಿ ದೇಶಕ್ಕೆ ಪರಿಚಿತವಾಗಿದೆ.

ಎಲ್ಲ ಮರುನಾಮಕರಣವೂ ವ್ಯರ್ಥವೆಂದು ಇದರ ಅರ್ಥವಲ್ಲ. 2014ರ ನವೆಂಬರ್ 1ರಂದು ಗುಲ್ಬರ್ಗಾ ಸೇರಿದಂತೆ ರಾಜ್ಯದ 12 ನಗರಗಳ ಹೆಸರು ಕನ್ನಡದ ಉಚ್ಚಾರಣೆಗೆ ಮರಳಿದವು. 2019ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಇವು ಭಾಷೆಗೆ, ಅಸ್ಮಿತೆಗೆ ಸಂಬಂಧಿಸಿದ ನಿರ್ಧಾರಗಳು. ಇವನ್ನು ನಿವೇಶನದ ದರದಿಂದ ಅಳೆಯುವುದು ತಪ್ಪು. ಆದರೂ ಮಾರುಕಟ್ಟೆ ಎಷ್ಟು ನಿಧಾನವಾಗಿ ಹೆಸರು ಬದಲಿಸಿಕೊಳ್ಳುತ್ತದೆ ಎಂಬುದಕ್ಕೆ ಒಂದು ಸಾಕ್ಷಿ ಇಲ್ಲೇ ಇದೆ: ನಗರ ಕಲಬುರಗಿಯಾಗಿ ಐದು ವರ್ಷಗಳ ಬಳಿಕ, 2019ರಲ್ಲಿ, ಇಲ್ಲಿಯ ತೊಗರಿ ಬೇಳೆ ಭೌಗೋಳಿಕ ಸೂಚಿಕೆ ಪಡೆದದ್ದು ‘ಗುಲ್ಬರ್ಗಾ ತೊಗರಿ ಬೇಳೆ’ ಎಂಬ ಹೆಸರಿನಲ್ಲಿ. ಬೆಂಗಳೂರಿನ ಫ್ರೇಜರ್ ಟೌನ್ ಪುಲಿಕೇಶಿನಗರವಾದರೂ ಜನರ ಬಾಯಲ್ಲಿ ಇನ್ನೂ ಫ್ರೇಜರ್ ಟೌನೇ. ಮುಂಬೈಯಲ್ಲಿ ಗಿರಣಿಗಳ ಲೋವರ್ ಪರೇಲನ್ನು ಬಿಲ್ಡರುಗಳು ‘ಅಪ್ಪರ್ ವರ್ಲಿ’ ಎಂದು ಕರೆದು ಮಾರಿದರು; ಲೋಕಲ್ ರೈಲಿನವನು ಇಳಿಯುವುದು ಲೋವರ್ ಪರೇಲಿನಲ್ಲೇ. ನ್ಯೂಯಾರ್ಕಿನ ‘ಹೆಲ್ಸ್ ಕಿಚನ್’ ಎಂಬ ಕುಖ್ಯಾತ ಬಡಾವಣೆಗೆ ‘ಕ್ಲಿಂಟನ್’ ಎಂಬ ಗೌರವದ ಹೆಸರು ಕೊಟ್ಟರೂ ಹಳೆಯ ಹೆಸರು ಸಾಯಲಿಲ್ಲ.

ಲಾಭ-ನಷ್ಟದ ಲೆಕ್ಕಕ್ಕೆ ಬರೋಣವೆಂದರೆ ಮೊದಲು ಕಾಣುವುದು ಖರ್ಚು. ಜಿಎಸ್‌ಟಿ ನೋಂದಣಿಯಲ್ಲಿ ವ್ಯವಹಾರ ಸ್ಥಳದ ವಿವರ ಬದಲಾದರೆ 15 ದಿನಗಳೊಳಗೆ ತಿದ್ದುಪಡಿಗೆ ಅರ್ಜಿ ಹಾಕಬೇಕು. ಪೊಟ್ಟಣದ ಮೇಲೆ ತಯಾರಕರ ಪೂರ್ಣ ವಿಳಾಸ ಮುದ್ರಿಸುವುದು ಕಡ್ಡಾಯವಾದ್ದರಿಂದ ಬೇಳೆ ಮಿಲ್ಲಿನವರು, ಮಸಾಲೆ ತಯಾರಕರು ಉಳಿದ ಚೀಲ-ಪೊಟ್ಟಣಗಳ ಗತಿಯೇನೆಂದು ಯೋಚಿಸಬೇಕಾಗುತ್ತದೆ. ಆಹಾರ ಪರವಾನಗಿ, ಬ್ಯಾಂಕಿನ ಸಾಲಪತ್ರ, ವಿಮೆ, ವ್ಯಾಪಾರ ಪರವಾನಗಿ, ಬಿಲ್ ಪುಸ್ತಕ, ಅಂಗಡಿಯ ಫಲಕ ಎಲ್ಲವೂ ಸರದಿಯಲ್ಲಿ ನಿಲ್ಲುತ್ತವೆ. ದೊಡ್ಡ ಕಾರ್ಖಾನೆಗೆ ಇದು ಒಬ್ಬ ಗುಮಾಸ್ತನ ಒಂದು ವಾರದ ಕೆಲಸ; ತಾನೇ ಮಾಲೀಕ, ತಾನೇ ಗುಮಾಸ್ತನಾಗಿರುವ ಸಣ್ಣ ಉದ್ಯಮಿಗೆ ಅಷ್ಟು ದಿನದ ವ್ಯಾಪಾರವೇ ಹೋಯಿತು.

ಇನ್ನು, ಬೆಲೆ ನಿಜವಾಗಿಯೂ ಏರಿದರೆ ಅದು ಯಾರ ಜೇಬಿಗೆ? ಮಾರಿ ಹೋಗುವವನಿಗೆ ಲಾಭ ಒಮ್ಮೆ ಬರುತ್ತದೆ. ಉಳಿದುಕೊಂಡು ದುಡಿಯುವವನಿಗೆ ಹೊರೆ ಪ್ರತಿವರ್ಷ ಬರುತ್ತದೆ. ಮಾರುಕಟ್ಟೆ ದರದ ಹಿಂದೆಯೇ ಮಾರ್ಗಸೂಚಿ ಬೆಲೆಯೂ ಏರುತ್ತದೆ. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಅದರ ಪರಿಷ್ಕರಣೆಯಾಗಿದೆ. ಪುರಸಭೆ, ನಗರಸಭೆಗಳ ಆಸ್ತಿ ತೆರಿಗೆಗೂ ಅದೇ ಆಧಾರ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೂ ಶೇ. 1ರಿಂದ ಶೇ. 2ಕ್ಕೆ ಏರಿರುವುದರಿಂದ ಶೆಡ್ ಹಾಕಲು ಅರ್ಧ ಎಕರೆ ಕೊಳ್ಳಹೊರಟ ಸಣ್ಣ ಉದ್ಯಮಿಗೆ ಹೊಡೆತ ಇಮ್ಮಡಿ. ಬಾಡಿಗೆಯ ಮಳಿಗೆಯಲ್ಲಿ ಕುಳಿತ ವ್ಯಾಪಾರಿಯ ಗತಿ ಹೇಳುವಂತಿಲ್ಲ: ಓಣಿಗೆ ಹೊಸ ಹೆಸರು ಬಂದ ದಿನ ಅವನು ಪೆಂಡಾ ಹಂಚಬಹುದು, ಕರಾರು ಮುಗಿದ ದಿನ ಅದೇ ಹೆಸರಿನ ಬೆಲೆಯನ್ನು ಬಾಡಿಗೆಯಾಗಿ ತೆರಬೇಕು.

ಹೆಸರು ಬದಲಿಸಲು ಸಕಾರಣವಿರುವ ಊರು ಈ ಭಾಗದಲ್ಲಿದ್ದರೆ ಅದು ಸೇಡಂ ತಾಲ್ಲೂಕಿನ ಮಳಖೇಡ. ಕಾಗಿಣಾ ದಂಡೆಯ ಈ ಊರೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಅಮೋಘವರ್ಷ ನೃಪತುಂಗನ ನೆಲೆ. ನಾಳೆಯೇ ಫಲಕದಲ್ಲಿ ಮಾನ್ಯಖೇಟವೆಂದು ಬರೆಸಿದರೆ ಆಕ್ಷೇಪಿಸುವವರು ವಿರಳ. ಆದರೆ ಕೋಟೆ ನೋಡಲು ಬಂದ ಕುಟುಂಬಕ್ಕೆ ಶುಚಿಯಾದ ಶೌಚಾಲಯ, ಒಂದು ರಾತ್ರಿ ತಂಗಲು ವಸತಿ, ಹೋಗಿಬರಲು ಬಸ್ಸು ಇಲ್ಲದಿದ್ದರೆ ‘ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ತತ್ವಾರ’ ಎಂಬಂತಾದೀತು. ಚಿತ್ತಾಪುರ ತಾಲ್ಲೂಕಿನ ಸನ್ನತಿಯು ಸಾಮ್ರಾಟ ಅಶೋಕನ ಶಾಸನಗಳಿಂದಾಗಿ ವಿದ್ವಾಂಸರ ಲೋಕದಲ್ಲಿ ಪ್ರಸಿದ್ಧ. ಅದಕ್ಕೆ ಹೊಸ ಹೆಸರೇ ಬೇಕಿಲ್ಲ.

ಹೊಸ ಕುಟುಂಬಗಳು ಒಂದು ಊರಿಗೆ ಬರುವ ಮುನ್ನ ವಿಚಾರಿಸುವುದು ಕುಡಿಯುವ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಮಕ್ಕಳಿಗೆ ಶಾಲೆ ಹೇಗಿದೆ, ಸಿಮೆಂಟಿನ ಧೂಳು ಅಡುಗೆಮನೆಯವರೆಗೆ ಬರುತ್ತದೆಯೇ, ನಿವೇಶನಕ್ಕೆ ಕ್ರಮಬದ್ಧ ಇ-ಖಾತೆ ಇದೆಯೇ ಎಂಬುದನ್ನು. ಕಾರ್ಖಾನೆಯ ನೌಕರ ವಾಡಿಯಲ್ಲಿ ದುಡಿದು ಕಲಬುರಗಿಯಲ್ಲಿ ಮನೆ ಮಾಡಿದರೆ ಅವನ ಕಿರಾಣಿ, ಬಟ್ಟೆ, ಔಷಧದ ಖರ್ಚೆಲ್ಲ ಕಲಬುರಗಿಯ ಅಂಗಡಿಗಳಿಗೇ ಸೇರುತ್ತದೆ. ಈ ಐದೂ ಊರುಗಳ ವರ್ತಕರ ನಿಜವಾದ ನಷ್ಟ ಇದು.

ಆದ್ದರಿಂದ ಹಳೆಯ ಬಡಾವಣೆಯ ಹೆಸರು ಬದಲಿಸುವ ನಿರ್ಣಯ ಪುರಸಭೆಯ ಮುಂದೆ ಬಂದಾಗ ವರ್ತಕರ ಸಂಘಗಳು ಮೂರು ಷರತ್ತುಗಳನ್ನಾದರೂ ಮುಂದಿಡಬೇಕು. ಆ ಬಡಾವಣೆಯ ನಿವಾಸಿಗಳ ಜೊತೆಗೆ ಬಾಡಿಗೆದಾರರು ಸೇರಿದಂತೆ ವ್ಯಾಪಾರ ಪರವಾನಗಿ ಹೊಂದಿರುವ ಎಲ್ಲರ ಲಿಖಿತ ಅಭಿಪ್ರಾಯ ಪಡೆಯಬೇಕು. ಹೊಸ ಫಲಕದಲ್ಲಿ ಹಳೆಯ ಹೆಸರೂ ಹತ್ತು ವರ್ಷ ಇರಬೇಕು. ಮುದ್ರಿತ ಪೊಟ್ಟಣ, ಬಿಲ್ಲುಗಳ ಬಳಕೆಗೆ ಕನಿಷ್ಠ ಒಂದು ವರ್ಷದ ಕಾಲಾವಕಾಶ ಕೊಡಿಸುವಂತೆ ಸಂಬಂಧಪಟ್ಟ ಇಲಾಖೆಗಳಿಗೆ ಪುರಸಭೆಯೇ ಬರೆಯಬೇಕು. ಇದಕ್ಕೆ ಒಪ್ಪದ ನಿರ್ಣಯವನ್ನು ವಿರೋಧಿಸಲು ಸಂಘಗಳು ಹಿಂಜರಿಯಬೇಕಾಗಿಲ್ಲ.