ಅಂಗಡಿ ಕಟ್ಟೆಯಿಂದ: ಸವೆದ ಕಾರ್ಬನ್ ಮತ್ತು ಬೇಸಿಗೆಯ ಗಾಳಿ

ಕಳೆದ ಏಪ್ರಿಲ್‌ನಲ್ಲಿ ಅಕ್ಕಲಕೋಟದ ಹಳೆಯ ಗಿರಾಕಿಯೊಬ್ಬರು ಸೊಲ್ಲಾಪುರದ ನಮ್ಮ ಅಂಗಡಿಗೆ ಬಂದು ಒಂದು ಪುಡಿಕೆ ಬಿಚ್ಚಿದರು. ಅವರು ಮಿಕ್ಸರ್, ಡ್ರಿಲ್ ರಿಪೇರಿ ಮಾಡುವವರು. ಒಳಗೆ ನಾವೇ ಕೊಟ್ಟ ಮೋಟಾರಿನ ಕಾರ್ಬನ್‌ಗಳು, ಉಗುರಿನಷ್ಟೂ ಉಳಿದಿರಲಿಲ್ಲ. “ಸಾವಕಾರ್ರ, ಮೊದಲಿನ ಮಾಲು ವರ್ಷ ಬಾಳತಿತ್ತು. ಇದು ಎರಡ ತಿಂಗಳಕ್ಕ ಮುಗೀತು. ಮಂದಿಗೆ ಏನ ಹೇಳೂಣ್ರಿ?”

“ಬ್ಯಾಸಗಿರೀ, ಒಣಾ ಹವಾ” ಎಂದುಬಿಟ್ಟೆವು.

ಇದು ಪೂರ್ತಿ ಕಟ್ಟುಕಥೆಯೇನಲ್ಲ. ಕಾರ್ಬನ್ನು ತಿರುಗುವ ತಾಮ್ರಕ್ಕೆ ಉಜ್ಜಿ ಅದರ ಮೇಲೆ ತೆಳ್ಳನೆಯ ಕಪ್ಪು ಲೇಪ ಕೂರಿಸುತ್ತದೆ. ಆ ಲೇಪ ಜಾರುವುದು ಗಾಳಿಯ ತೇವದಿಂದ. ಎರಡನೆಯ ಮಹಾಯುದ್ಧದಲ್ಲಿ ಬಹಳ ಎತ್ತರ ಹಾರಿದ ವಿಮಾನಗಳ ಜನರೇಟರುಗಳಲ್ಲಿ ಕಾರ್ಬನ್ ಕೆಲವೇ ತಾಸಿನಲ್ಲಿ ಪುಡಿಯಾಗುತ್ತಿತ್ತು. ಅಲ್ಲಿಯ ಗಾಳಿಯಲ್ಲಿ ನೀರಾವಿ ತೀರ ಕಡಿಮೆ. ಗ್ರಾಫೈಟಿನ ಜಾರುಗುಣ ಅದರ ಸ್ವಂತದ್ದಲ್ಲ, ನೀರಾವಿಯಿಂದ ಬಂದದ್ದೆಂದು ಅಮೆರಿಕದ ಸ್ಯಾವೇಜ್ ಎಂಬವರು 1948ರಲ್ಲಿ ತೋರಿಸಿದರು. ನಮ್ಮ ಭಾಷೆಯಲ್ಲಿ, ಸಾಲದ ಬಂಡವಾಳ.

ಈಗ ಯಂತ್ರಭಾಗಗಳಿಗೆ ಹಾಕುವ ವಜ್ರದಂಥ ಕಾರ್ಬನ್ ಲೇಪಗಳದು ಇನ್ನೂ ಸೋಜಿಗ. ಹೈಡ್ರೋಜನ್ ಇಲ್ಲದ ಲೇಪ ತೇವದಲ್ಲಿ ಜಾರುತ್ತದೆ, ಒಣಗಿದರೆ ಕಚ್ಚುತ್ತದೆ. ಹೈಡ್ರೋಜನ್ ತುಂಬಿದ್ದು ತದ್ವಿರುದ್ಧ. ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಶಾಲೆಯ ಅಂಥ ಲೇಪದ ಘರ್ಷಣಾಂಕ ಒಣ ನೈಟ್ರೋಜನ್ನಿನಲ್ಲಿ 0.001ರ ಹತ್ತಿರ ಇಳಿದಿತ್ತು. ತೇವದ ಗಾಳಿಯಲ್ಲಿ ಹಲವು ಪಟ್ಟು ಏರುತ್ತದೆ. ಬಿಸಿ ಹೆಚ್ಚಿದರೆ ಮೊದಲನೆಯದರ ತೇವ ಹಾರುತ್ತದೆ. ಎರಡನೆಯದರಲ್ಲಿ ಸುಮಾರು 300 ಡಿಗ್ರಿ ದಾಟಿದರೆ ಹೈಡ್ರೋಜನ್ನೇ ಬಿಡತೊಡಗುತ್ತದೆ. ‘ಕಾರ್ಬನ್ ಕೋಟಿಂಗ್’ ಎಂದಷ್ಟೇ ಬರೆದ ಮಾಲು ಕೊಳ್ಳುವವರು ಯಾವ ಜಾತಿಯದೆಂದು ಕೇಳಿಕೊಳ್ಳಲಿ.

ಇಷ್ಟೆಲ್ಲ ತಿಳಿದಿದ್ದರೂ ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಮರುದಿನ ಅಕ್ಕಲಕೋಟ ರೋಡ್ ಎಂ.ಐ.ಡಿ.ಸಿ.ಯಲ್ಲಿ ಪರಿಚಯದವರ ಮಗ್ಗದ ಶೆಡ್ಡಿಗೆ ಹೋದೆವು. ಒಣ ಹವೆಗೆ ನೂಲು ಹರಿಯುವುದರಿಂದ ಅವರು ತೇವ ಅಳೆಯುವ ಮೀಟರ್ ಇಟ್ಟಿದ್ದಾರೆ. ಮಧ್ಯಾಹ್ನ ಅದನ್ನು ಹೊರಗೆ ನೆರಳಲ್ಲಿಟ್ಟರೆ 40 ಡಿಗ್ರಿ, ತೇವ ಶೇಕಡಾ 20. ನಮಗೆ ಸಮಾಧಾನವಾಯಿತು. ಆದರೆ ಇಂಜಿನಿಯರಿಂಗ್ ಓದಿದ ನಮ್ಮ ತಮ್ಮನ ಮಗ ಲೆಕ್ಕ ಹಾಕಿದ: “ದೊಡ್ಡಪ್ಪ, ಕಾದ ಗಾಳಿ ಹೆಚ್ಚು ನೀರು ಹಿಡೀತದ. ಇದರಾಗ ಘನಮೀಟರಿಗೆ ಸುಮಾರು 10 ಗ್ರಾಂ ಐತಿ. ಜನವರಿ ಮುಂಜಾನೆ 15 ಡಿಗ್ರಿ, ಶೇಕಡಾ 80 ಇದ್ರೂ ಅಷ್ಟ. ಕಾರ್ಬನ್ನಿಗೆ ಇದು ಸಾಕು.”

ಹವೆಯ ತಪ್ಪಿಲ್ಲವೆಂದಾಯಿತು. ಅಂಗಡಿಗೆ ಬಂದು ಹಳೆಯ ಕಾರ್ಬನ್ನನ್ನೂ ಹೊಸದನ್ನೂ ಕಾಗದದ ಮೇಲೆ ಗೀಚಿದೆವು. ಹಳೆಯದು ಗೆರೆ ಬಿಡಲಿಲ್ಲ. ಹೊಸದು ಪೆನ್ಸಿಲಿನಂತೆ ಬರೆಯಿತು. ಜೋಡಿಗೆ 2 ರೂಪಾಯಿ ಉಳಿಯುತ್ತದೆಂದು ಮಾಲು ಬದಲಿಸಿದವರು ನಾವೇ.

ಅವರು ಒಯ್ದ 60 ಜೋಡಿಯ ರೊಕ್ಕ ಅವರ ಖಾತೆಗೆ ಜಮಾ ಮಾಡಿ, ಹಳೆಯ ಮಾಲನ್ನು ಎಸ್.ಟಿ. ಬಸ್ಸಿಗೆ ಹಾಕಿ ಫೋನ್ ಮಾಡಿದೆವು.

“ಒಣಾ ಹವಾ ಅಂದಿದ್ರೆಲ್ರೀ?” ಎಂದರು. ಇದ್ದದ್ದನ್ನು ಹೇಳಿದೆವು.