ಬೆಕ್ಕಿನ ನೆಗಡಿಗೆ ನಮ್ಮ ಮಾತ್ರೆ

ನಮ್ಮ ಕಟ್ಟಡದ ಮೂರನೆಯ ಮಹಡಿಯ ಬೆಕ್ಕು ಸತ್ತದ್ದು ನೆಗಡಿಯಿಂದಲ್ಲ, ಔಷಧಿಯಿಂದ. ಎರಡು ದಿನ ಸೀನಿತು, ಕಣ್ಣಲ್ಲಿ ನೀರಿಳಿಯಿತು, ಮೈ ಬಿಸಿಯಾಯಿತು. ಮನೆಯಾಕೆ ಡಬ್ಬಿಯಿಂದ 500 ಮಿ.ಗ್ರಾಂ. ಪ್ಯಾರಾಸಿಟಮಾಲ್ ತೆಗೆದು, ಅರ್ಧ ಮಾತ್ರೆಯನ್ನು ಹಾಲಿನಲ್ಲಿ ಕದಡಿ ಕುಡಿಸಿದರು. ಸಂಜೆಗೆ ಅದರ ಮುಖ ಬಾತುಕೊಂಡು ಒಸಡು ಕಂದುಬಣ್ಣಕ್ಕೆ ತಿರುಗಿತ್ತು. ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಮೊಮ್ಮಗನಿಗೆ ಜ್ವರ ಬಂದರೆ ಕೊಡುವುದೂ ಇದನ್ನೇ ಅಲ್ಲವೇನಮ್ಮಾ?" ಎಂದು ಅವರು ಕೇಳಿದರು. ಅವರ ಅಳುವಿನಲ್ಲಿ ಕಪಟವಿರಲಿಲ್ಲ. ನನ್ನ ಜಗಳವಿರುವುದು ಅವರೊಡನೆಯಲ್ಲ, ಆ ಪ್ರಶ್ನೆಯ ಒಳಗಿರುವ ನಂಬಿಕೆಯೊಡನೆ: ಬೆಕ್ಕೆಂದರೆ ಚಿಕ್ಕ ಮನುಷ್ಯ, ಮಾತ್ರೆಯನ್ನು ತುಂಡು ಮಾಡಿದರೆ ಸಾಕು ಎಂಬ ನಂಬಿಕೆ.

ಬೆಕ್ಕು ಚಿಕ್ಕ ಮನುಷ್ಯನಲ್ಲ. ಪ್ಯಾರಾಸಿಟಮಾಲನ್ನು ನಿರುಪದ್ರವಿಯಾಗಿಸಿ ಹೊರಹಾಕಲು ನಮ್ಮ ಯಕೃತ್ತು ಬಳಸುವ ಮುಖ್ಯ ದಾರಿಯೇ ಅದರ ದೇಹದಲ್ಲಿ ಬಹುಮಟ್ಟಿಗೆ ಮುಚ್ಚಿಹೋಗಿದೆ; ಅದಕ್ಕೆ ಬೇಕಾದ ಕಿಣ್ವದ ವಂಶವಾಹಿ ಬೆಕ್ಕಿನ ಕುಲದಲ್ಲಿ ಕೆಲಸ ನಿಲ್ಲಿಸಿ ಯುಗಗಳೇ ಕಳೆದಿವೆ. ಉಳಿದ ವಿಷ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿಯನ್ನೇ ಕಸಿಯುತ್ತದೆ. ನಾಲ್ಕು ಕಿಲೋ ತೂಗುವ ಬೆಕ್ಕಿಗೆ ಅರ್ಧ ಮಾತ್ರೆಯೆಂದರೆ ಕಿಲೋಗೆ 60 ಮಿ.ಗ್ರಾಂ. ದಾಟಿತು, 10 ಮಿ.ಗ್ರಾಮಿಗೇ ವಿಷಬಾಧೆ ಕಂಡದ್ದುಂಟು. ಪ್ರತಿವಿಷವಿದೆ, ಅಸಿಟೈಲ್‌ಸಿಸ್ಟೀನ್, ಆದರೆ ಅದು ದಕ್ಕುವುದು ಕೆಲವೇ ಗಂಟೆಗಳಲ್ಲಿ ಆಸ್ಪತ್ರೆ ಮುಟ್ಟಿದವರಿಗೆ. ಮುಂಬಯಿಯಲ್ಲಿ ಪಶುವೈದ್ಯರಿಲ್ಲ ಎಂಬ ನೆಪವೂ ನಿಲ್ಲದು. ಪರೇಲಿನ ಪ್ರಾಣಿಗಳ ಆಸ್ಪತ್ರೆ 19ನೆಯ ಶತಮಾನದಿಂದ ಅಲ್ಲೇ ಇದೆ.

ಇನ್ನು ಕೆಲವರು ಊರಿನ ಮದ್ದಿನ ಪಕ್ಷದವರು. ಎದೆಗೆ ಕರ್ಪೂರದ ಮುಲಾಮು, ಹಬೆಗೆ ನೀಲಗಿರಿ ಎಣ್ಣೆ. ಮೈಗೆ ಹಚ್ಚಿದ್ದನ್ನೆಲ್ಲ ನೆಕ್ಕಿಯೇ ತೀರುವ ಪ್ರಾಣಿಗೆ ಇವೂ ವಿಷವೇ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತೇವೆ; ಇಲ್ಲಿ ಚೆಲ್ಲಾಟ ನಮ್ಮದು.

ಹಾಗೆಂದು ವೈದ್ಯರ ಬಳಿ ಹೋದವರೆಲ್ಲ ವಿವೇಕಿಗಳೆಂದೂ ಹೇಳಲಾರೆ. ಇಂಜೆಕ್ಷನ್ ಕೊಡದ ಡಾಕ್ಟರು ನಮ್ಮ ಕಣ್ಣಿಗೆ ಡಾಕ್ಟರೇ ಅಲ್ಲ. ಆ ಒತ್ತಾಯಕ್ಕೆ ಮಣಿದು ಮೊದಲ ಸೀನಿಗೇ ಆ್ಯಂಟಿಬಯೋಟಿಕ್ ಚುಚ್ಚುವವರೂ ಇದ್ದಾರೆ. ಬೆಕ್ಕುಗಳ ನೆಗಡಿಯಲ್ಲಿ ಬಹುಪಾಲು ಎರಡು ವೈರಸ್‌ಗಳ ಕೆಲಸ: ಒಂದು ಹರ್ಪಿಸ್, ಇನ್ನೊಂದು ನಾಲಿಗೆಯಲ್ಲಿ ಹುಣ್ಣೆಬ್ಬಿಸುವ ಕ್ಯಾಲಿಸಿ. ವೈರಸ್ಸಿಗೆ ಆ್ಯಂಟಿಬಯೋಟಿಕ್ ನಾಟದು. ಮೂಗಿನಿಂದ ತಿಳಿನೀರು ಮಾತ್ರ ಸುರಿಯುತ್ತಿದ್ದು, ಬೆಕ್ಕು ಉಣ್ಣುತ್ತ ಆಡುತ್ತ ಜ್ವರವಿಲ್ಲದೆ ಇದ್ದರೆ ಹತ್ತು ದಿನದವರೆಗೆ ಕಾದು ನೋಡಬಹುದೆಂದು ಪಶುವೈದ್ಯರ ಅಂತರರಾಷ್ಟ್ರೀಯ ಮಾರ್ಗಸೂಚಿಯೇ 2017ರಲ್ಲಿ ಹೇಳಿದೆ. ಸಿಂಬಳ ಗಟ್ಟಿಯಾಗಿ ಹಳದಿ-ಹಸಿರಿಗೆ ತಿರುಗಿ, ಜ್ವರ ಬಂದು, ಬೆಕ್ಕು ಮಂಕಾಗಿ ಅನ್ನ ಬಿಟ್ಟಾಗ ಡಾಕ್ಸಿಸೈಕ್ಲಿನ್‌ನಂಥದ್ದಕ್ಕೆ ಅರ್ಥವಿದೆ. ಅದನ್ನೂ ಒಣಗಂಟಲಿಗೆ ತುರುಕಬಾರದು. ಅನ್ನನಾಳದಲ್ಲಿ ಸಿಕ್ಕಿಕೊಂಡ ಮಾತ್ರೆ ಅಲ್ಲೇ ಸುಟ್ಟು ಗಾಯ ಮಾಡುತ್ತದೆ; ಹಿಂದೆಯೇ ನೀರೋ ತುತ್ತೋ ಹೋಗಬೇಕು. ಬಾಯಿ ತೆರೆದು ಉಸಿರೆಳೆಯುವ ಬೆಕ್ಕಿನ ಮಾತು ಬೇರೆ. ಅದಕ್ಕೆ ಒಂದು ತಾಸಿನ ಕಾಯುವಿಕೆಯೂ ಸಲ್ಲ.

ಹಾಗಾದರೆ ಚಿಕಿತ್ಸೆ ಯಾವುದು? ಹೆಚ್ಚಿನಂಶ ಆರೈಕೆ. ಬೆಕ್ಕು ಉಣ್ಣುವುದು ಮೂಗಿನಿಂದ. ವಾಸನೆ ಹತ್ತದಿದ್ದರೆ ತಟ್ಟೆಯಲ್ಲಿ ಬಂಗುಡೆಯೇ ಇರಲಿ, ಮುಟ್ಟದು. ಮೂರು ನಾಲ್ಕು ದಿನ ಉಪವಾಸ ಬಿದ್ದರೆ, ಅದರಲ್ಲೂ ಫ್ಲ್ಯಾಟಿನೊಳಗೆ ಕೊಬ್ಬಿದ ಬೆಕ್ಕಾದರೆ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಉಗುರುಬೆಚ್ಚನೆಯ ನೀರಿನಲ್ಲಿ ಹತ್ತಿ ಅದ್ದಿ ಮೂಗು, ಕಣ್ಣು ಒರೆಸಬೇಕು, ದಿನಕ್ಕೆ ನಾಲ್ಕು ಸಲವಾದರೂ. ಮೀನನ್ನೋ ಕೋಳಿಯನ್ನೋ ಉಪ್ಪು, ಈರುಳ್ಳಿ ಹಾಕದೆ ಬೇಯಿಸಿ, ಬೆಚ್ಚಗಿರುವಾಗಲೇ ಮೂಗಿನ ಬಳಿ ಹಿಡಿಯಬೇಕು. ಬಚ್ಚಲಿನಲ್ಲಿ ಬಿಸಿನೀರು ಬಿಟ್ಟು, ಬಾಗಿಲು ಮುಚ್ಚಿ, ಆ ಹಬೆಯಲ್ಲಿ ಹತ್ತು ಹದಿನೈದು ನಿಮಿಷ ಅದರ ಜೊತೆ ಕೂರಬೇಕು. ಕೂತವರಿಗೂ ಬೆವರಿಳಿಯುತ್ತದೆ, ಪುಸ್ತಕ ಓದಲಾಗುವುದಿಲ್ಲ, ಫೋನು ಒದ್ದೆಯಾಗುತ್ತದೆ. ಮಾತ್ರೆಗೆ ಅರ್ಧ ನಿಮಿಷ ಸಾಕು. ನಮಗೆ ಮಾತ್ರೆ ಪ್ರಿಯವಾದದ್ದು ಇದೇ ಕಾರಣಕ್ಕೆ ಎಂಬುದು ನನ್ನ ಗುಮಾನಿ, ಅಜ್ಞಾನ ಆಮೇಲಿನ ಮಾತು. ಲೈಸಿನ್ ಎಂಬ ಪುಡಿಯ ಮಾರಾಟ ನಿಲ್ಲದಿರುವುದೂ ಹೀಗೆಯೇ. ಹರ್ಪಿಸ್ ಮೇಲೆ ಅದರಿಂದ ಪ್ರಯೋಜನವಿಲ್ಲವೆಂದು ಅಧ್ಯಯನಗಳ ಪರಾಮರ್ಶೆಯೊಂದು 2015ರಲ್ಲೇ ತೀರ್ಮಾನಿಸಿತ್ತು.

ಮಕ್ಕಳಿಗೆ ಅಂಟೀತೆಂದು ಸೀನುವ ಬೆಕ್ಕನ್ನು ಗೇಟಿನಾಚೆ ಬಿಟ್ಟುಬರುವವರಿಗೂ ಒಂದು ಮಾತು: ಈ ಎರಡು ವೈರಸ್‌ಗಳು ಮನುಷ್ಯರಿಗೆ ತಗಲುವುದಿಲ್ಲ. ಒಮ್ಮೆ ಹೊಕ್ಕ ಹರ್ಪಿಸ್ ಬೆಕ್ಕಿನ ನರಗಳಲ್ಲಿ ಜೀವನಪೂರ್ತಿ ಅಡಗಿರುತ್ತದೆ. ಮನೆ ಬದಲಾದರೆ, ಮತ್ತೊಂದು ಬೆಕ್ಕು ಬಂದರೆ, ಹೆದರಿದರೆ ಮತ್ತೆ ತಲೆಯೆತ್ತುತ್ತದೆ. ಬೀದಿಗೆ ಬಿಡುವುದೆಂದರೆ ಅದೇ ಹೆದರಿಕೆಗೆ ದೂಡಿದಂತೆ. ಲಸಿಕೆ ಸೋಂಕನ್ನು ಪೂರಾ ತಡೆಯದಿದ್ದರೂ ಕಾಯಿಲೆಯ ಉಗ್ರತೆಯನ್ನು ಇಳಿಸುತ್ತದೆ. ಮರಿಗೆ ಆರೆಂಟು ವಾರವಾದಾಗ ಆರಂಭಿಸಿ, ಹದಿನಾರು ವಾರ ತುಂಬುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಹಾಕಿಸಬೇಕು. ದುಬಾರಿಯೆನ್ನುವವರು ಕಳೆದ ತಿಂಗಳು ಬೆಕ್ಕಿನ ಹುಟ್ಟುಹಬ್ಬದ ಕೇಕಿಗೆ ಎಷ್ಟು ತೆತ್ತರೆಂಬುದು ನನಗೆ ಗೊತ್ತಿದೆ. ಫೋಟೋ ನನಗೂ ಕಳಿಸಿದ್ದರು.