ಸುಟ್ಟ ಕಣ್ಣಿಗೆ ಮೊದಲು ಬೇಕಾದುದು

ನೇತ್ರದಾನದ ಮಾತು ಬಂದಾಗಲೆಲ್ಲ, ಸತ್ತವರ ಕಣ್ಣೊಂದು ದೊರೆತರೆ ಯಾವ ಕುರುಡೂ ನೀಗುವುದೆಂದು ನಮ್ಮ ವಿದ್ಯಾರ್ಥಿಮಿತ್ರರು ವಾದಿಸುವುದುಂಟು. ನಾನಿದನ್ನು ಒಪ್ಪಲಾರೆ. ವೀಳ್ಯದ ಸುಣ್ಣದ ಪೊಟ್ಟಣ ಮಗುವಿನ ಕೈಯಲ್ಲಿ ಒಡೆದು ಕಣ್ಣಿಗೆ ಸಿಡಿಯಿತೆನ್ನಿ. ಇಂಥ ಅಪಘಾತ ನಮ್ಮ ದೇಶದಲ್ಲಿ ಅಪರೂಪವಲ್ಲ. ಕರಿಗುಡ್ಡೆಯ ಅಂಚಿನಲ್ಲಿದ್ದು, ಕಾರ್ನಿಯವೆಂಬ ಪಾರದರ್ಶಕ ಪಟಲದ ಹೊರಪೊರೆಯನ್ನು ಸದಾ ಹೊಸದಾಗಿಸುವ ಕಾಂಡಕೋಶಗಳೇ ಆಗ ಸುಟ್ಟುಹೋಗಬಹುದು. ಅವಿಲ್ಲದ ಕಣ್ಣಿಗೆ ದಾನದ ಕಾರ್ನಿಯ ಹೊಲಿದರೆ ಅದೂ ಮಸುಕಾಗುತ್ತದೆ. ದಾನಿಯ ಉಪಕಾರ ವ್ಯರ್ಥ.

ಹೈದರಾಬಾದಿನ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆಯವರು 2012ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಚೆನ್ನಾಗಿರುವ ಇನ್ನೊಂದು ಕಣ್ಣಿನ ಅದೇ ಜಾಗದಿಂದ ಅಕ್ಕಿಕಾಳಿಗಿಂತ ಕಿರಿದಾದ ಚೂರು ತೆಗೆದು, ತುಣುಕು ಮಾಡಿ, ಸುಟ್ಟ ಕಣ್ಣಮೇಲೆ ಸಸಿಯಂತೆ ನೆಡುತ್ತಾರೆ. ಮೇಲ್ಮೈ ನೆಲೆಗೊಂಡ ಮೇಲೂ ಒಳಗೆ ಕಲೆ ಉಳಿದರೆ, ಆಗ ಕಾರ್ನಿಯದ ಕಸಿ. ಅದಕ್ಕೆ ತಿಂಗಳುಗಟ್ಟಲೆ ಕಾಯಬೇಕೆಂಬುದನ್ನು ಹೆತ್ತವರಿಗೆ ಮೊದಲ ದಿನವೇ ಬಿಡಿಸಿ ಹೇಳತಕ್ಕದ್ದು.